ಕೊನೆಯ ನಿಲ್ದಾಣ ಮುಟ್ಟುವವರೆಗೆ

ಬೊತಾನಿಕಾದಿಂದ ರಿಷ್ಕಾನಿಗೆ ಐವತ್ತೆರಡು ನಿಮಿಷ.
ಹಿಮ ಬಿದ್ದರೆ ಎಪ್ಪತ್ತು.
ನಡುವೆ ಇಪ್ಪತ್ಮೂರು ನಿಲ್ದಾಣ, ಒಂದರಲ್ಲೂ ಶೌಚಾಲಯವಿಲ್ಲ.
ಕಿಶಿನೌ ನಗರದ ನಕ್ಷೆಯನ್ನು ನಾನು
ಹದಿನೆಂಟು ವರ್ಷ ಹೀಗೇ ಓದಿದ್ದು:
ಬಟ್ಟೆ ಬದಲಿಸಬಹುದಾದ ಎರಡು ಚುಕ್ಕೆ,
ನಡುವೆ ಉದ್ದಾನುದ್ದ ಗೆರೆ.

ಮುಟ್ಟು ಅಂದರೆ ನನಗೆ
ಆಚೆ ಕೊನೆ ಮುಟ್ಟುತ್ತೇನೋ ಇಲ್ಲವೋ, ಅಷ್ಟೇ.

ಸೀಟಿನ ಮೇಲೆ ಕಪ್ಪು ಚೀಲ, ಚೀಲದ ಮೇಲೆ ಟವೆಲು,
ಕಪ್ಪು ಪ್ಯಾಂಟಿನೊಳಗೆ ಬೆನ್ನಿಗೆ ಬೆನ್ನು ಕೊಟ್ಟ ಎರಡು ಪ್ಯಾಡು.
ಈರುಳ್ಳಿಯ ಹಾಗೆ ಪದರ ಹೊದ್ದು
ಟ್ರಾಲಿಬಸ್ಸು ನಡೆಸುತ್ತಿದ್ದೆ.
ಬ್ರೇಕು ಒತ್ತಿದಾಗೆಲ್ಲ ಒಳಗೊಂದು ಹೆಪ್ಪು
ಬಿಸಿಯಾಗಿ, ನಿಧಾನವಾಗಿ ಜಾರುವುದು.
ಮುಖದಲ್ಲಿ ಏನೂ ಕಾಣಬಾರದು.
ಮುಂದಿನ ನಿಲ್ದಾಣ, ಮಾರುಕಟ್ಟೆ. ಬಾಗಿಲಿಗೆ ದಾರಿ ಬಿಡಿ.

ಆ ಜನವರಿ, ಮಾರುಕಟ್ಟೆಯ ತಿರುವಿನಲ್ಲೇ,
ನೆತ್ತಿಯ ಸಲಾಕೆ ತಂತಿ ಬಿಟ್ಟು ಹಾರಿತು.
ಇಳಿಯಲೇಬೇಕು. ಇಳಿದೆ.
ಹಗ್ಗ ಹಿಡಿದು, ಕತ್ತೆತ್ತಿ, ಎರಡು ಸಲ ತಪ್ಪಿ
ಮೂರನೆಯ ಸಲಕ್ಕೆ ತಂತಿಗೆ ಕೂರಿಸಿ ತಿರುಗಿದರೆ
ಕಿಟಕಿ ತುಂಬ ಮುಖಗಳು,
ಹಿಮದ ಮೇಲೆ ನನ್ನ ಬೂಟಿನ ಗುರುತಿನ ಪಕ್ಕ
ಕೆಂಪು ಬೊಟ್ಟುಗಳು, ಒಂದು, ಮತ್ತೊಂದು.
ಕ್ಯಾಬೇಜಿನ ಚೀಲ ಹೊತ್ತ ಮುದುಕಿಯೊಬ್ಬಳು ಅಂದಳು:
ಮಗಳೇ, ಗಾಯವಾಗಿದೆ ನಿನಗೆ.
ಹೌದಜ್ಜಿ, ಅಂದೆ.
ಗಾಯಕ್ಕಾದರೆ ರಜೆ ಕೊಡುತ್ತಾರೆ.

ಅಮ್ಮ ಊರಿಂದ ತುರಚಿ ಸೊಪ್ಪು ಒಣಗಿಸಿ ಕಳಿಸುತ್ತಿದ್ದಳು,
ಕುದಿಸಿ ಕುಡಿ ಎಂದು.
ನಮ್ಮ ವಂಶಕ್ಕೇ ಹೀಗೆ ಕಣೇ, ನಿನ್ನಜ್ಜಿ
ದ್ರಾಕ್ಷಿ ಕೊಯ್ಲಿನಲ್ಲಿ ಎಚ್ಚರ ತಪ್ಪಿ ಬೀಳುತ್ತಿದ್ದಳು,
ಎದ್ದು ಮತ್ತೆ ಬುಟ್ಟಿ ತುಂಬುತ್ತಿದ್ದಳು.
ಬಿದ್ದದ್ದು ಕಥೆಯಲ್ಲಿ ಅರ್ಧ ಸಾಲು,
ಎದ್ದದ್ದೇ ಕಥೆ.

ಡಾಕ್ಟರ್ ಚೆಬೊತಾರಿ ನನ್ನ ಕೆಳರೆಪ್ಪೆ ಎಳೆದು ನೋಡಿದಳು.
ಅಲ್ಲಿ ಬಣ್ಣವೇ ಇರಲಿಲ್ಲವಂತೆ.
ಎಷ್ಟು ದಿನದಿಂದ? ಮೊದಲಿನಿಂದ.
ಇಷ್ಟು ದಿನ ಯಾರಿಗೂ ಹೇಳಲಿಲ್ಲವೇ?
ಯಾರೂ ಕೇಳಲಿಲ್ಲ.
ಸ್ಕ್ಯಾನು ಮಾಡಿಸಿದಳು, ರಕ್ತ ತೆಗೆಸಿದಳು,
ಮನೆಯಲ್ಲಿ ಯಾರಿಗಾದರೂ ಕಾಲು ಬಾತು ಒಳಗೆ ರಕ್ತ ಹೆಪ್ಪುಗಟ್ಟಿತ್ತೇ
ಎಂದು ಎರಡೆರಡು ಸಲ ಕೇಳಿದಳು.
ಆಮೇಲೆ ಪೆನ್ನು ಕೆಳಗಿಟ್ಟು ಹೇಳಿದಳು:

ರಕ್ತ ಗಂಟು ಹಾಕುತ್ತದಮ್ಮ, ಹಾಕದೆ ಇಲ್ಲ.
ನಿನ್ನೊಳಗೊಬ್ಬಳು ಆತುರಗಾತಿ ಕೂತು
ಹಾಕಿದ ಗಂಟನ್ನೆಲ್ಲ ಬಿಚ್ಚುತ್ತಾಳೆ.
ಈ ಮಾತ್ರೆ ಅವಳ ಕೈ ಹಿಡಿದುಕೊಳ್ಳುತ್ತದೆ,
ನಾಲ್ಕು ದಿನದ ಮಟ್ಟಿಗೆ.

ಎರಡೆರಡು ಮಾತ್ರೆ, ದಿನಕ್ಕೆ ಮೂರು ಹೊತ್ತು,
ಹರಿವು ಶುರುವಾದಂದಿನಿಂದ.
ಜೊತೆಗೆ ಕಬ್ಬಿಣದ ಮಾತ್ರೆ, ಅದು ಬೇರೆ ಡಬ್ಬಿ.
ಹನ್ನೊಂದು ಟನ್ನು ಕಬ್ಬಿಣ ಓಡಿಸುವವಳ ಮೈಯಲ್ಲಿ
ಚಿಟಿಕೆ ಕಬ್ಬಿಣವಿಲ್ಲ ಎಂದು
ಇಬ್ಬರೂ ನಕ್ಕೆವು. ಮೊದಲು ನಕ್ಕವಳು ನಾನು.

ಪವಾಡವೇನಲ್ಲ. ಹೊಟ್ಟೆ ತೊಳೆಸಿತು ಸ್ವಲ್ಪ.
ಹೊಳೆ ಹೋಗಿ ತೊರೆಯಾಯಿತು, ಬತ್ತಲಿಲ್ಲ.
ಅರ್ಧಕ್ಕರ್ಧ ಇರಬಹುದು.
ಆದರೆ ಆ ಅರ್ಧದಲ್ಲಿ
ರಿಷ್ಕಾನಿ ಇತ್ತು. ಅಲ್ಲಿಂದ ವಾಪಸು ಬೊತಾನಿಕಾ ಇತ್ತು.
ಏಪ್ರಿಲಿನ ಒಂದು ಮಂಗಳವಾರ, ಎರಡನೆಯ ದಿನ,
ಪೂರ್ತಿ ಒಂದು ಸುತ್ತು ಮುಗಿದ ಮೇಲೆ ಹೊಳೆಯಿತು,
ದಾರಿಯುದ್ದ ಚೆಸ್ಟ್‌ನಟ್ ಮರಗಳು ಚಿಗುರಿದ್ದನ್ನು ನೋಡಿದೆ ಎಂದು.

ಇಳಿಯುವಾಗ ಸೀಟು ತಿರುಗಿ ನೋಡುವ ಚಾಳಿ ಮಾತ್ರ
ಹೋಗಿಲ್ಲ. ಹೋಗದು.

ನಿನ್ನೆ ಪಾಳಿ ಬದಲಾಗುವಾಗ
ಹೊಸ ಹುಡುಗಿ ಸ್ತೆಲೂತ್ಸಾ ಹತ್ತಿ ಬಂದಳು.
ಕೂರುವ ಮುಂಚೆ ಜೇಬಿನಿಂದ ತೆಗೆದದ್ದು
ನಾಲ್ಕು ಮಡಿಕೆಯ ಕಪ್ಪು ಚೀಲ.
ನನ್ನ ಕಣ್ಣು ತಪ್ಪಿಸಿ ಹಾಸಿದಳು.
ನನ್ನ ಕೈ ಚೀಲದಲ್ಲಿದ್ದ ಮಾತ್ರೆಯವರೆಗೂ ಹೋಗಿ
ನಿಂತಿತು. ಅವಳ ಮನೆಯಲ್ಲಿ
ಯಾರ ಕಾಲು ಬಾತಿತ್ತೋ ನನಗೇನು ಗೊತ್ತು.
ಹಳೆಯ ಟಿಕೇಟಿನ ಬೆನ್ನ ಮೇಲೆ ಬರೆದುಕೊಟ್ಟೆ:
ಚೆಬೊತಾರಿ, ಎರಡನೆಯ ಮಹಡಿ, ಗುರುವಾರ ಬೆಳಿಗ್ಗೆ.

ಏನಿದು? ಅಂದಳು.

ಒಂದು ನಿಲ್ದಾಣ, ಅಂದೆ.
ನಮ್ಮ ಪಟ್ಟಿಯಲ್ಲಿ ಹಾಕುವುದನ್ನು ಮರೆತಿದ್ದಾರೆ.